ಹಿತ್ತಲ ಬಾವಿಗೆ ಮೋರಚೂದ

ಅಥಣಿಯ ಪೇಟೆಯಲ್ಲಿ ನಮ್ಮದೊಂದು ಅಂಗಡಿ ಇತ್ತು. ನೀರಿನ ಪಾಚಿ ತೆಗೆಯುವ ಸಾಮಾನು ಬೇಕೆಂದರೆ ಸುತ್ತಲಿನ ರೈತರು ಅಲ್ಲಿಗೇ ಬರಬೇಕು. ಪುಸ್ತಕದವರು ಅದಕ್ಕೆ ಮೈಲುತುತ್ತ ಎನ್ನುತ್ತಾರೆ, ನಮ್ಮ ಕಡೆ ಮೋರಚೂದ. ನೀಲಿ ಬಣ್ಣದ ಕಲ್ಲುಸಕ್ಕರೆಯಂಥ ಹರಳು. ಸಾಂಗಲಿಯಿಂದ ಚೀಲಗಟ್ಟಲೆ ಲಾರಿಯಲ್ಲಿ ಬರುತ್ತಿತ್ತು. ಎಂಬತ್ತರ ದಶಕದ ಕೊನೆಯ ವರ್ಷಗಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡು ನಾನು ತವರಿಗೆ ಮರಳಿದ್ದೆ. ಮಗಳು ಮೂಲೆಯಲ್ಲಿ ಕೂತು ಒಣಗುವುದು ಬೇಡವೆಂದು ಅಪ್ಪ ನನ್ನನ್ನು ಅಂಗಡಿಯ ಗಾದಿಯ ಮೇಲೆ ಕೂರಿಸಿದ. ಓಣಿಯವರು ಮೂಗು ಮುರಿದರು. ಮುರಿದುಕೊಳ್ಳಲಿ. ಆಗ ನನಗೆ ಯಾವುದೂ ತಾಕುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ. ತಕ್ಕಡಿ ಹಿಡಿಯಲು ಎರಡೂ ಬೇಕಾಗಿಲ್ಲ.

ಬೇಸಿಗೆಯೇ ನಮ್ಮ ಸುಗ್ಗಿ. ಬಾವಿಗಳ ನೀರು ಇಳಿದು, ಬಿಸಿಲಿಗೆ ಹಸಿರಾಗಿ, ಪಾಚಿ ಪಂಪಿನ ಬಾಯಿಗೆ ಸಿಕ್ಕಿಕೊಂಡರೆ ಕಬ್ಬಿಗೆ ನೀರಿಲ್ಲ. ಅನಂತಪುರದವರು, ಹೊಳೆಯಾಚೆ ಚಿಂಚಲಿ ಕಡೆಯವರು, ಸಕ್ಕರೆ ಕಾರ್ಖಾನೆಯ ಹೊಂಡಕ್ಕೆಂದು ಒಯ್ಯುವವರು, ಎಲ್ಲರೂ ಬರುತ್ತಿದ್ದರು. ದ್ರಾಕ್ಷಿಯವರು ಸುಣ್ಣದ ಜೊತೆ ಕಲಸಿ ಬಳ್ಳಿಗೆ ಹೊಡೆಯಲು ಒಯ್ಯುತ್ತಿದ್ದರು. ಯಾರೂ ಬಾಯಿಮಾತನ್ನು ನಂಬುತ್ತಿರಲಿಲ್ಲ. ಹರಳನ್ನು ಒದ್ದೆ ಮಾಡಿ ಚಾಕುವಿನ ಅಲಗಿಗೆ ತಿಕ್ಕಬೇಕು, ಅಲಗು ತಾಮ್ರದಂತೆ ಕೆಂಪಾದರೆ ಮಾಲು ಖರೆ. ಹಾಗಾಗಿ ನಮ್ಮ ಅಂಗಡಿಯಲ್ಲಿ ಕೆಂಪಾಗದ ಚಾಕುವೇ ಇರಲಿಲ್ಲ. ನಾನು ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದೆ. “ಗೋಣಿತಟ್ಟಿನ್ಯಾಗ ಕಟ್ರಿ, ಹಗ್ಗಾ ಹಾಕಿ ಬಾವ್ಯಾಗ ಇಳಿಬಿಟ್ಟು ಸುತ್ತೂ ಎಳೀರಿ. ಕರಗಿದಂಗ ಪಾಚಿ ಸಾಯ್ತೈತಿ.”

ಅಪ್ಪನದು ಒಂದು ಹಟ. ಪಕ್ಕದ ಅಂಗಡಿಗಳಲ್ಲಿ ಹುಳದ ಔಷಧ ಭರಾಟೆಯಿಂದ ಮಾರುತ್ತಿದ್ದರೂ ಅವನು ಒಂದು ಡಬ್ಬಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನಾವು ಜೈನರು, ಜೀವ ಕೊಲ್ಲುವುದನ್ನು ಮಾರುವುದಿಲ್ಲ ಎನ್ನುವನು. ಮೋರಚೂದ, ಪಟಿಕ, ಬ್ಲೀಚಿಂಗ್ ಪುಡಿ, ಸುಣ್ಣ, ಇವೆಲ್ಲ ಅವನ ಲೆಕ್ಕದಲ್ಲಿ ಹೊಲಸು ತೊಳೆಯುವ ಸಾಮಾನು. ಮಿರಜದಿಂದ ಒಬ್ಬ ಏಜೆಂಟ್ ಬರುತ್ತಿದ್ದ, ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೊಸ ನಮೂನೆಯ ದ್ರವ ಹಿಡಿದುಕೊಂಡು. ಅವನು ಒಮ್ಮೆ ಕೆಣಕಿದ:

“ಶೇಠಜಿ, ಪಾಚಿಗೆ ಜೀವ ಇರೂದಿಲ್ಲೇನ್ರಿ?”

“ನೀ ಚಹಾ ಕುಡಿ,” ಎಂದ ಅಪ್ಪ.

ಮನೆಯಲ್ಲಿ ಅವ್ವನದು ಇನ್ನೊಂದು ಹಟ. ನಮ್ಮಲ್ಲಿ ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಸೋಸಿದ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವೆ, ಅವನ್ನು ಚೆಲ್ಲುವಂತಿಲ್ಲ, ಬಂದ ನೀರಿಗೇ ಮರಳಿ ಬಿಡಬೇಕು. ಬಾವಿಯ ನೀರಿಗೆ ಇದು ಸರಿ. ಆದರೆ ಮನೆಗೆ ನಳ ಬಂದ ಮೇಲೆ? ನಳದ ನೀರು ಕೃಷ್ಣೆಯದು. ಅದರ ಜೀವಗಳನ್ನು ಬಿಡಲು ದಿನಾ ಹೊಳೆಗೆ ಯಾರು ಹೋಗುತ್ತಾರೆ? ಅವ್ವ ತಾನೇ ಒಂದು ದಾರಿ ಹುಡುಕಿಕೊಂಡಳು. ಬಟ್ಟೆಯನ್ನು ಒಂದು ಗಿಂಡಿಯಲ್ಲಿ ಜಾಲಿಸಿ, ಆ ನೀರನ್ನು ಹಿತ್ತಲ ಬಾವಿಗೆ ಇಳಿಸುವಳು. ಮೇಲಿನಿಂದ ಸುರಿದರೆ ಜೀವಕ್ಕೆ ಪೆಟ್ಟಾಗುತ್ತದೆಂದು ಗಿಂಡಿಯ ಬುಡಕ್ಕೂ ಒಂದು ದಾರ. ಗಿಂಡಿ ನೀರು ಮುಟ್ಟಿದ ಮೇಲೆ ಆ ದಾರ ಜಗ್ಗಿ ಮೆಲ್ಲಗೆ ಬೋರಲು ಮಾಡುವಳು.

“ನಳದ ನೀರಾಗ ಬ್ಲೀಚಿಂಗ್ ಹಾಕಿರ್ತಾರ ಬೇ, ಎಲ್ಲಾ ಅಲ್ಲೇ ಸತ್ತಿರ್ತಾವ,” ಎಂದು ನಾನು ರೇಗಿದ್ದೆ. ಅಂಗಡಿಯಲ್ಲಿ ಕೂತವಳಲ್ಲವೇ, ನನಗೆ ಎಲ್ಲ ಗೊತ್ತು.

“ಒಂದ ಉಳದಿದ್ರ?” ಎಂದಳು.

ಅವಳಿಗೆ ಇದ್ದ ಆಸೆ ಒಂದೇ: ಒಮ್ಮೆ ಮುನಿ ಮಹಾರಾಜರಿಗೆ ನಮ್ಮ ಮನೆಯಲ್ಲಿ ಆಹಾರ ಕೊಡಬೇಕು. ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತುಕೊಂಡು ಅಂಗೈಯಲ್ಲಿ ಉಣ್ಣುತ್ತಾರೆ. ಯಾರ ಮನೆಯಲ್ಲಿ ಎಂದು ಮೊದಲೇ ಹೇಳುವುದಿಲ್ಲ. ಮನಸ್ಸಿನಲ್ಲೇ ಒಂದು ಗುರುತು ನೆನೆದು ಹೊರಡುತ್ತಾರೆ, ಆ ಗುರುತು ಕಂಡ ಬಾಗಿಲಲ್ಲಿ ನಿಲ್ಲುತ್ತಾರೆ. ಮನೆಯವರು ಮಡಿಯುಟ್ಟು ಕಲಶ ಹಿಡಿದು ಹೊರಗೆ ನಿಂತಿರಬೇಕು. ಅಡಿಗೆಯೆಲ್ಲ ಬಾವಿಯ ನೀರಿನದೇ ಆಗಬೇಕು, ನಳದ್ದು ನಡೆಯುವುದಿಲ್ಲ. ಅವ್ವ ಎಷ್ಟು ಸಲ ನಿಂತಿದ್ದಳೋ. ಮಹಾರಾಜರು ಪ್ರತಿ ಸಲವೂ ಮುಂದೆ ಹೋಗಿದ್ದರು.

ಆ ಬೇಸಿಗೆಯಲ್ಲಿ ಮಹಾರಾಜರೊಬ್ಬರು ಬಸದಿಗೆ ಬಂದು ಕೆಲವು ದಿನ ಉಳಿಯುತ್ತಾರೆಂದು ಸುದ್ದಿ ಬಂತು. ಅವ್ವ ಹಿತ್ತಲಿಗೆ ಹೋಗಿ ಬಾವಿಗೆ ಇಣುಕಿದಳು. ನೀರು ಕಾಣುತ್ತಲೇ ಇರಲಿಲ್ಲ, ಮೇಲೆಲ್ಲ ಹಸಿರು ಕಂಬಳಿ. “ಈ ಸಲಾನೂ ಹೋತು,” ಎಂದು ಒಳಗೆ ಬಂದು ಜೋಳ ಹಸನು ಮಾಡಲು ಕೂತಳು. ಅಪ್ಪ ಕೇಳಿಸಿಕೊಂಡು ಅಂಗಡಿಗೆ ನಡೆದ.

ಕೆಲವೇ ದಿನಕ್ಕೆ ನೀರು ತಿಳಿಯಾಯಿತು. ಬಾವಿಯ ತಳದ ಮೆಟ್ಟಿಲು ಕಾಣುವಷ್ಟು. ಅವ್ವ ಬಾವಿಗೇ ಕೈಮುಗಿದಳು. “ನೋಡ, ಮಹಾರಾಜರು ಬರ್ತಾರಂದಕೂಡ್ಲೆ ಹೆಂಗಾತು.” ಅಪ್ಪ ತಲೆಯೆತ್ತದೆ ರೊಟ್ಟಿ ಮುರಿಯುತ್ತಿದ್ದ. ದಿನವಿಡೀ ಆ ನೀಲಿ ಚೀಲಗಳ ನಡುವೆ ಕೂತಿರುತ್ತಿದ್ದ ನನಗೂ ಏನೂ ಹೊಳೆಯಲಿಲ್ಲ. ಆ ವಾರವೆಲ್ಲ ಅವ್ವ ನಳದ ನೀರು ಸೋಸಿ ಸೋಸಿ ಬಾವಿಗೆ ಗಿಂಡಿ ಇಳಿಸಿದಳು.

ಮಹಾರಾಜರು ಆಹಾರಕ್ಕೆ ಹೊರಡುವ ದಿನ ಅವ್ವ ಹೊತ್ತು ಹುಟ್ಟಿದೊಡನೆ ನೀರು ಸೇದಿ, ಸೋಸಿ, ಅಡಿಗೆ ಮುಗಿಸಿದಳು. ಸೋಸಿದ ಬಟ್ಟೆಯಲ್ಲಿ ಕಸವಿರಲಿ, ಒಂದು ಹರಿದಾಡುವ ಹುಳವೂ ಇರಲಿಲ್ಲ. ಆದರೂ ಪದ್ಧತಿ ಬಿಡಬಾರದೆಂದು ಅದನ್ನು ಜಾಲಿಸಿ ಗಿಂಡಿ ಇಳಿಸಿದಳು. ದಾರ ಜಗ್ಗಿದರೆ ಗಿಂಡಿ ಯಾವುದಕ್ಕೋ ಸಿಕ್ಕಿಕೊಂಡಿತು. ನಾನೂ ಕೈಹಾಕಿ ಎಳೆದೆ. ಗಿಂಡಿಯ ಜೊತೆ ಒಂದು ಹಗ್ಗ, ಹಗ್ಗದ ತುದಿಗೆ ಗೋಣಿತಟ್ಟಿನ ಗಂಟು ಮೇಲೆ ಬಂತು. ತಟ್ಟು ಪೂರಾ ನೀಲಿ. ಎಷ್ಟೋ ತಿಂಗಳ ಮೇಲೆ ನನ್ನ ಎದೆಯೊಳಗೆ ಏನೋ ಅಲುಗಾಡಿದ್ದು ಅದೇ ಮೊದಲು.

“ಇದೇನ?”

“ಮೋರಚೂದ,” ಎಂದೆ.

ಕಲಶಕ್ಕೆ ತೆಂಗಿನಕಾಯಿ ಇಡುತ್ತಿದ್ದ ಅಪ್ಪ ಹಿತ್ತಲ ಬಾಗಿಲಿಗೆ ಬಂದಿದ್ದ. “ನಿನ್ನ ಸಲುವಾಗಿ ಹಾಕೇನಿ,” ಎಂದ. “ನೀ ಬಸದಿಗೆ ಹೋದಾಗ. ಪಾಚಿ ಅಷ್ಟ ಹೋಗೇತಿ, ಮತ್ತೇನೂ ಆಗಿಲ್ಲ.”

“ಈ ವಾರೆಲ್ಲಾ ನಾ ಜೀವಾ ಇದರಾಗ ಬಿಡಾಕತ್ತೇನಲ್ರಿ,” ಎಂದಳು ಅವ್ವ. ದನಿ ಏರಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಅಷ್ಟರಲ್ಲಿ ಓಣಿಯ ತುದಿಯಿಂದ ನಮೋಸ್ತು, ನಮೋಸ್ತು ಎನ್ನುವ ದನಿಗಳು ಹತ್ತಿರವಾದವು. ಇಬ್ಬರೂ ಹೋಗಿ ಬಾಗಿಲಲ್ಲಿ ನಿಂತರು. ಮಹಾರಾಜರು ಆಹಾರಕ್ಕೆ ಹೊರಟ ಮುದ್ರೆಯಲ್ಲಿ ಬಲಗೈ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು, ಒಂದೊಂದೇ ಮನೆ ದಾಟಿ ಬಂದರು. ಬಂದು ನಮ್ಮ ಬಾಗಿಲ ಮುಂದೆ ನಿಂತರು. ಅಷ್ಟು ವರ್ಷ ನಿಲ್ಲದವರು ಆವತ್ತೇ ನಿಲ್ಲಬೇಕೇ.

ನಿಂತವರ ಮುಂದೆ ಮನೆಯವರು ಹೇಳಲೇಬೇಕಾದ ಮಾತುಗಳಿವೆ. ಅವ್ವ ಮೊದಲು ಹೇಳುವುದು, ಅಪ್ಪ ಅವಳ ಹಿಂದೆ ಹೇಳುವುದು ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. “ಮನಶುದ್ಧಿ,” ಎಂದಳು ಅವ್ವ. “ವಚನಶುದ್ಧಿ. ಕಾಯಶುದ್ಧಿ.” ಅಪ್ಪನೂ ಅಂದ. ಉಳಿದದ್ದು ಆಹಾರ ಜಲ ಶುದ್ಧ ಎಂಬುದೊಂದೇ. ಅವ್ವನ ತುಟಿಗಳು ಅಲ್ಲಿಗೇ ನಿಂತವು. ಓಣಿಯವರೆಲ್ಲ ಅವಳ ಬಾಯಿ ನೋಡುತ್ತಿದ್ದರು. ಅಪ್ಪ ಅವಳತ್ತ ತಿರುಗಿದ, ಅವನಿಗೂ ಬಾಯಿ ಬರಲಿಲ್ಲ. ಹೇಳಿಬಿಡು ಬೇ ಎಂದು ನಾನು ಒಳಗೊಳಗೇ ಹಲ್ಲು ಕಚ್ಚಿದೆ. ಮಹಾರಾಜರು ಸ್ವಲ್ಪ ಹೊತ್ತು ಕಾದು ಮುಂದೆ ನಡೆದರು. ಪಕ್ಕದ ಮನೆಯವರು ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು ನಮಗೂ ಕೇಳಿಸಿತು.

ಮಾಡಿದ ಅಡಿಗೆಯನ್ನು ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ನಳ ಬಂತು. ಅವ್ವ ಎಂದಿನಂತೆ ಕೊಡ ತುಂಬಿ, ಸೋಸಿ, ಬಟ್ಟೆ ಜಾಲಿಸಿದ ಗಿಂಡಿ ಹಿಡಿದು ಬಾವಿಯ ತನಕ ಹೋಗಿ ನಿಂತಳು.

“ಇದನ್ನ ಎಲ್ಲಿ ಬಿಡ್ಲಿ?” ಎಂದು ನನ್ನನ್ನು ಕೇಳಿದಳು. ಊರ ಬಾವಿಗಳಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು ಅಪ್ಪನತ್ತ ನೋಡಿದೆ.

ಅಪ್ಪ ಬಂದು ಅವಳ ಕೈಯಿಂದ ಗಿಂಡಿ ತೆಗೆದುಕೊಂಡ. ಅದರ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು, ಹೊಳೆಯ ಕಡೆ ಹೋಗುವ ಬಸ್ಸಿಗೆ ನಡೆದ. ಮರಳಿ ಬಂದಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಅವನಿಗೆ ಆ ದಿನ ಊಟವಿಲ್ಲ.

“ಹೊಳ್ಯಾಗ ಬಿಟ್ಟ ಬಂದೇನಿ,” ಎಂದು ಖಾಲಿ ಗಿಂಡಿಯನ್ನು ಅವಳ ಮುಂದೆ ಇಟ್ಟ.

ಅವ್ವ ಅವನ ಮುಖ ನೋಡಲಿಲ್ಲ. ಸಂಜೆಯ ನಳವೂ ಬಂದು ಹೋಗಿತ್ತು. ಕಟ್ಟೆಯ ಮೇಲಿದ್ದ ಇನ್ನೊಂದು ಗಿಂಡಿಯತ್ತ ಕೈ ತೋರಿಸಿದಳು.

“ಅದೂ ತುಂಬೇತ್ರಿ,” ಎಂದಳು.