ಮುಳ್ಳು ಇಳಿದರೆ ಹೋಳಿಗೆ

ಗೆಳೆಯರೇ, ಇವತ್ತು ನನ್ನ ಉಸಿರು ಕಡಿಮೆಯಾದ ಖುಷಿಗೆ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದರು.

ನನಗೆ ಆಸ್ತಮಾ. ಎಷ್ಟು ಜೋರಾಗಿ ಉಸಿರು ಬಿಡಬಲ್ಲೆ ಎಂದು ನೋಡಲು ಡಾಕ್ಟರು ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟಿದ್ದಾರೆ. ದಿನಾ ಊದಬೇಕು. ಅದರ ಮುಳ್ಳು ಮೇಲೇರಿದಷ್ಟೂ ಒಳ್ಳೆಯದು. ನಿನ್ನೆ ಸರಸಂಬಾದ ನಮ್ಮ ಹೊಲದಲ್ಲಿ ತೊಗರಿ ರಾಶಿಯ ಧೂಳು ಕುಡಿದು ಬಂದಿದ್ದೆ. ದಿನಾ ನಾನೂರು ಮುಟ್ಟುತ್ತಿದ್ದ ಮುಳ್ಳು ಇವತ್ತು ಬೆಳಿಗ್ಗೆ ಇನ್ನೂರೈವತ್ತಕ್ಕೇ ನಿಂತಿತು.

ಅತ್ತೆಗೆ ಶುಗರ್, ಮಾವನಿಗೆ ಬಿಪಿ. ನಮ್ಮ ಮನೆಯಲ್ಲಿ ಯಾವ ಅಂಕಿ ಇಳಿದರೂ ಹಬ್ಬ. ಅತ್ತೆ ತಕ್ಷಣ ಹಿರೋಳ್ಳಿಯ ತಂಗಿಗೆ ಫೋನ್ ಹಚ್ಚಿದರು: "ನಮ್ಮ ಸೊಸಿದು ನಾಕ್ನೂರು ಇತ್ತಲ್ಲ, ಇನ್ನೂರೈವತ್ತಕ್ಕ ಇಳದದ ನೋಡು! ಎಲ್ಲಾ ನನ್ನ ಕಷಾಯದ ಕರಾಮತ್ತು!"

"ಅತ್ತಿ, ಇದು ಏರಬೇಕ್ರಿ," ಎಂದೆ, ಏದುಸಿರು ಬಿಡುತ್ತಾ.

"ಸುಮ್ಮ ಕುಂದ್ರು. ಏರಿದ್ರ ಛಲೋ ಅನ್ನೋ ಬ್ಯಾನಿ ಎಲ್ಲ್ಯಾರ ಅದ ಏನು?"

ಡಾಕ್ಟರು ಬರೆದುಕೊಟ್ಟಿದ್ದಂತೆ ಬಾಯಿಗೆ ಪಂಪ್ ಹೊಡೆದುಕೊಂಡೆ. ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಮತ್ತೆ ಊದಿದರೆ ಮುನ್ನೂರ ತೊಂಬತ್ತು! ಖುಷಿ ತಡೆಯಲಾರದೆ ಅದನ್ನು ಎಲ್ಲರಿಗೂ ಕೂಗಿ ಹೇಳಿದ್ದೇ ತಪ್ಪಾಯಿತು.

ಅತ್ತೆ ನನ್ನ ತಟ್ಟೆಯ ಹೋಳಿಗೆಯನ್ನು ಎತ್ತಿ ಮಾವನ ತಟ್ಟೆಗೆ ಹಾಕಿದರು. "ಮತ್ತ ಏರಿಸ್ಕೊಂಡಿ. ಇವತ್ತಿಂದ ನಿನಗ ಸಿಹಿ ಬಂದ್."

ಪಂಪ್ ಮಾತ್ರ ಚೆನ್ನಾಗಿ ಕೆಲಸ ಮಾಡಿದೆ. ಮಾವನ ತಟ್ಟೆಯ ತುಪ್ಪದ ವಾಸನೆ ಎದೆಯ ತಳದವರೆಗೂ ಸಲೀಸಾಗಿ ಇಳಿಯುತ್ತಿದೆ.