ಮಾಯೆಸ್ತ್ರೋ ಕೊಡದೆ ಇಟ್ಟುಕೊಂಡ ಹಾಳೆ

ಆಲಿಂಗ್ ಓಸಿಂಗ್, ಅಂದರೆ ಓಸಿಂಗಮ್ಮ, ನಮ್ಮ ಬುಲಾಕನ್ ಪ್ರಾಂತ್ಯದ ಊರಬ್ಯಾಂಡಿನ ನಕಲುಗಾರ್ತಿ. ಬ್ಯಾಂಡಿನ ಗುರು ಮಾಯೆಸ್ತ್ರೋ ಕ್ರಿಸಾಂತೊ ಬರೆದ ಸಂಗೀತವನ್ನು ಒಬ್ಬೊಬ್ಬ ವಾದಕನಿಗೂ ಬೇರೆ ಬೇರೆ ಹಾಳೆಯಾಗಿ ಮಾಡಿಕೊಡುವುದು ಅವರ ಕೆಲಸ. ಮೊದಲು ಅವರ ಗಂಡ ಶಾಯಿಯಲ್ಲಿ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಓಸಿಂಗ್ ಕಂಪ್ಯೂಟರಿನಲ್ಲಿ ಕಲಿತರು. ಸ್ವರಗಳಿಗಿಂತ ಗುರುತುಗಳೇ ಜೀವ ಹಿಂಡುತ್ತಿದ್ದವು: ಇಲ್ಲಿ ಮೆಲ್ಲಗೆ, ಇಲ್ಲಿ ಜೋರು, ಇಲ್ಲಿಂದ ಏರಿಸುತ್ತ ಹೋಗು. ಇಪ್ಪತ್ತಾರು ವಾದ್ಯಗಳಿಗೂ ಒಂದೊಂದಾಗಿ ಹಾಕಲು ವಾರ ಹಿಡಿಯುತ್ತಿತ್ತು.

ಆ ವರ್ಷ ಸ್ಪರ್ಧೆಗೆಂದು ಹೊಸ ಕೃತಿ ಸಿದ್ಧವಾಗುತ್ತಿತ್ತು. ಅಲ್ಲಿಯವರೆಗೆ ಬರೆದ ಸ್ವರಗಳೆಲ್ಲ ಕಂಪ್ಯೂಟರಿಗೆ ಸೇರಿದ್ದವು. ಮಂಗಳವಾರ ಮಾಯೆಸ್ತ್ರೋ ಮೊದಲ ಕ್ಲಾರಿನೆಟ್ಟಿನ ಸಾಲಿಗೆ ಮಾತ್ರ ಗುರುತು ಹಾಕಿ, ‘ಉಳಿದವರಿಗೂ ಹೀಗೇ’ ಎಂದು ಬರೆದು ಕೊಟ್ಟರು. ಕೃತಿಯ ಕೊನೆಯ ಹಾಳೆಯನ್ನು ಅವರು ಇನ್ನೂ ಬರೆದಿರಲಿಲ್ಲ. ಬುಧವಾರ ಊಟದ ಹೊತ್ತಿಗೆ ಓಸಿಂಗ್ ಹಾಳೆಗಳ ಕಟ್ಟನ್ನು ತಂದು ಅವರ ಮುಂದಿಟ್ಟರು.

“ಒಂದೇ ದಿನಕ್ಕೆ ಮುಗೀತಾ?”

“ಮುಗೀತು, ಮಾಯೆಸ್ತ್ರೋ.”

“ಜೊತೆಗೆ ಯಾರಿದ್ರು?”

“ಯಾರೂ ಇರ್ಲಿಲ್ಲ.”

ಮಾಯೆಸ್ತ್ರೋ ಒಂದೊಂದೇ ಹಾಳೆ ತಿರುವಿದರು. ತಪ್ಪು ಸಿಗಲಿಲ್ಲ. ಅದರಿಂದ, ಹೊರಗಿನವರಾರೋ ಕೃತಿ ನೋಡಿ ಕೈಜೋಡಿಸಿದ್ದಾರೆಂಬ ಅವರ ಅನುಮಾನ ಇನ್ನೂ ಬಲಿಯಿತು. ಅದಕ್ಕೆ ಸರಿಯಾಗಿ, ಓಸಿಂಗ್ ಎರಡು ಸಲ ದೋಣಿಯಲ್ಲಿ ಹೊಳೆ ದಾಟಿದ್ದನ್ನು ಕಂಡೆನೆಂದು ತುತ್ತೂರಿಯ ಬಾಸಿಲ್ಯೊ ಅವರ ಕಿವಿಗೆ ಹಾಕಿದ. ಹೊಳೆಯಾಚೆಯ ಬ್ಯಾಂಡು ನಮ್ಮ ಎದುರಾಳಿ.

ಮರುದಿನ ಮಾಯೆಸ್ತ್ರೋ ಸಾಕ್ಷಿಗೆಂದು ನನ್ನನ್ನು ಕರೆದುಕೊಂಡು ಓಸಿಂಗ್ ಮನೆಗೆ ಹೋದರು. ನಾನು ಎರಡನೇ ಹಾರ್ನ್ ಊದುವವನು. ಓಸಿಂಗ್ ನಮಗೆ ಶುಂಠಿ ಕಷಾಯ ಕೊಟ್ಟು ಕಂಪ್ಯೂಟರ್ ಮುಂದೆ ಕೂತರು.

“ನೋಡಿ, ಕ್ಲಾರಿನೆಟ್ಟಿನ ಸಾಲನ್ನ ಇಷ್ಟುದ್ದ ಹಿಡಿದೆ. ಸ್ವರ ಬೇಡ, ಗುರುತು ಮಾತ್ರ ನಕಲು ತಗೊಂಡೆ. ಕೆಳಗಿನ ಸಾಲುಗಳನ್ನೆಲ್ಲ ಒಟ್ಟಿಗೆ ಹಿಡಿದು ಇಳಿಸ್ದೆ. ಆಯ್ತು.”

ಎಲ್ಲ ಸಾಲಿಗೂ ಗುರುತುಗಳು ಒಮ್ಮೆಗೇ ಬಂದು ಕೂತವು. ಮಾಯೆಸ್ತ್ರೋ ಪರದೆಗೆ ಮೂಗು ತಾಗುವಷ್ಟು ಬಾಗಿದರು.

“ಟ್ಯೂಬಾ ಸುಮ್ನಿರೋ ಕಡೆನೂ ಏರಿಸು ಅಂತ ಬಿದ್ದಿದೆಯಲ್ಲ?”

“ಬೀಳುತ್ತೆ. ಅಂಥದ್ದನ್ನ ಹುಡುಕಿ ಅಳಿಸೋದಕ್ಕೇ ನಿನ್ನೆ ಬೆಳಿಗ್ಗೆಯೆಲ್ಲ ಹೋಯ್ತು.”

“ಅದು ಸರಿ. ಹೊಳೆ ಯಾಕೆ ದಾಟಿದ್ದೆ?”

ಓಸಿಂಗ್ ಪರದೆಯಿಂದ ಇತ್ತ ತಿರುಗಿದರು. “ಅವರ ನಕಲುಗಾರ ದೆಲ್ಫಿನ್ ಕಣ್ಣು ಮಂಜಾಗಿದೆ. ಒಂದೊಂದೇ ಗುರುತು ಹಾಕೋಕಾಗಲ್ಲ. ಇದನ್ನೇ ಹೇಳ್ಕೊಟ್ಟು ಬಂದೆ.”

“ನಮ್ಮ ಕೃತಿ ತೋರ್ಸಿ?”

“ಇಲ್ಲ, ಅವರದೇ ಕೃತಿಯಲ್ಲಿ.”

“ಕಂಡವರ್ಯಾರು?”

“ಇಷ್ಟು ವರ್ಷ ನಿಮ್ಮ ಜೊತೆ ಇದ್ದೀನಿ, ಮಾಯೆಸ್ತ್ರೋ.”

“ದೆಲ್ಫಿನ್ನೂ ನನ್ನ ಜೊತೆನೇ ಇದ್ದ. ಆಚೆ ದಡ ಸೇರೋವರೆಗೂ.”

ಓಸಿಂಗ್ ಕಂಪ್ಯೂಟರ್ ಆರಿಸಿದರು. ನಾನು ಕಷಾಯದ ಲೋಟವನ್ನೇ ನೋಡುತ್ತ ಕೂತೆ. ಅವರ ಪರವಾಗಿ ಒಂದು ಮಾತಾಡಬಹುದಿತ್ತು, ಆಡಲಿಲ್ಲ.

ಕೊನೆಯ ಹಾಳೆ ಓಸಿಂಗ್ ಕೈಗೆ ಹೋಗಲೇ ಇಲ್ಲ. ಮಾಯೆಸ್ತ್ರೋ ಅದನ್ನು ತಾವೇ ಇಪ್ಪತ್ತಾರು ಸಲ ಕೈಯಲ್ಲಿ ಬರೆದು, ಸ್ಪರ್ಧೆಯ ಬೆಳಿಗ್ಗೆ ನಾವು ಹೊರಟ ಜೀಪ್ನಿ ಬಸ್ಸಿನಲ್ಲಿ ಹಂಚಿದರು. ಅಭ್ಯಾಸಕ್ಕೆ ಹೊತ್ತಿರಲಿಲ್ಲ. ನನ್ನ ಹಾಳೆಯಲ್ಲಿ ಸ್ವರಗಳಷ್ಟೇ ಇದ್ದವು, ಗುರುತು ಒಂದೂ ಇರಲಿಲ್ಲ. ವೇದಿಕೆಯ ಮೇಲೆ ಅದಕ್ಕೆ ಹಿಂದಿನ ಹಾಳೆ ಜೋರಾಗಿ ಮುಗಿದಿತ್ತು, ಹಾಗಾಗಿ ನಾನು ಜೋರಾಗಿಯೇ ಊದಿದೆ. ಪಕ್ಕದವನೂ ಅಷ್ಟೇ. ಅಲ್ಲಿ ನಾವೆಲ್ಲ ತಗ್ಗಿಸಿ ಊದಿ, ಕ್ಲಾರಿನೆಟ್ ಒಂದೇ ಮೆಲ್ಲಗೆ ಮೇಲೆದ್ದು ಕೇಳಬೇಕಿತ್ತಂತೆ. ವಾದಕಿಯ ಬೆರಳು ಓಡುವುದು ಕಾಣುತ್ತಿತ್ತು, ಸದ್ದು ಮಾತ್ರ ಕೇಳುತ್ತಿರಲಿಲ್ಲ.

ನಮಗೆ ಮೂರನೇ ಸ್ಥಾನ ಬಂತು. ಹೊಳೆಯಾಚೆಯವರು ನುಡಿಸಿದ್ದು ಹಳೆಯದೊಂದು ಮೆರವಣಿಗೆ ಸಂಗೀತ; ಅದರಲ್ಲಿ ನಮ್ಮದೆನ್ನುವ ಒಂದು ಸ್ವರವೂ ಇರಲಿಲ್ಲ.

ಮುಂದಿನ ತಿಂಗಳು ಮಾಯೆಸ್ತ್ರೋ ಇನ್ನೊಂದು ಕೃತಿ ಹಿಡಿದು ಓಸಿಂಗ್ ಮನೆಗೆ ಹೋದರು. ತಪ್ಪಾಯಿತೆಂದು ಹೇಳಲಿಲ್ಲ.

“ಎಲ್ಲಾ ಹಾಳೆನೂ ಇದೆ, ನೋಡ್ಕೋ.”

“ಈ ಸಲ ಸಾಕ್ಷಿ ಬಂದಿಲ್ವಾ?” ಎಂದರಂತೆ ಓಸಿಂಗ್.

ಮಾಯೆಸ್ತ್ರೋ ಪೆನ್ಸಿಲ್ ಹಿಡಿದು ಪಕ್ಕದಲ್ಲೇ ಕೂತು, ಓಸಿಂಗ್ ಗುರುತು ಇಳಿಸಿದ ಮೇಲೆ ಟ್ಯೂಬಾದ ಸಾಲನ್ನು ಗುರುತು ಗುರುತಾಗಿ ಪರೀಕ್ಷಿಸಿದರು. ಅಳಿಸದೆ ಉಳಿದಿದ್ದ ಎರಡು ಸಿಕ್ಕವು. ಓಸಿಂಗ್ ಅವನ್ನು ಅಳಿಸಿ, ನಗಾರಿಯ ಸಾಲಿಗೆ ಹೋದರು.