ಜೊತೆಗೆ ಕೂತು ಉಣ್ಣುವ ಊಟದಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಹೆಂಗಸೊಬ್ಬರು ಮೇಜು ಒರೆಸಿ ತಟ್ಟೆಗಳನ್ನು ಎದುರುಬದುರಾಗಿ ಇಡುತ್ತಿದ್ದಾರೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಾಲು. ತಮಗೂ ಅಷ್ಟನ್ನೇ ಬಡಿಸಿಕೊಳ್ಳುತ್ತಾರೆ. ಇಲ್ಲಿ ಉಣ್ಣುವುದೇ ಅವರ ಕೆಲಸ.

ಈ ವಾರ್ಡಿಗೆ ಬರುವವರಿಗೆ ಊಟದ ಜೊತೆಗೇ ಜಗಳ. ದಿನವಿಡೀ ಹೊಟ್ಟೆ ಕಟ್ಟಿಕೊಂಡಿದ್ದು, ತಡೆಯಲಾಗದೆ ಬಾಗಿಲು ಹಾಕಿಕೊಂಡು ಸಿಕ್ಕಿದ್ದೆಲ್ಲ ತಿನ್ನುತ್ತಾರೆ. ಕೆಲವರು ತಿಂದದ್ದನ್ನು ಕಕ್ಕಿಬಿಡುತ್ತಾರೆ. ಇದಕ್ಕೆ ಇಲ್ಲಿನ ಚಿಕಿತ್ಸೆ ಹೆಚ್ಚಾಗಿ ಮಾತಿನದು, ಅಭ್ಯಾಸದ್ದು. ಹೊತ್ತುಹೊತ್ತಿಗೆ ಉಣ್ಣಬೇಕು, ಉಂಡ ಮೇಲೆ ಏಳುವ ತಳಮಳ ತಾನಾಗಿ ಇಳಿಯುವವರೆಗೆ ಕೂತಿರಬೇಕು. ಹಾಗೆ ಅವರ ಜೊತೆ ಕೂರುವ ಈ ಹೆಂಗಸೇ ಎಲ್ಲರ ಬಾಯಲ್ಲಿ 'ಊಟದಕ್ಕ'.

"ಮೊದ್ಲು ನಾನು ನೆಲ ಒರೆಸೋಳು. ಒಬ್ಬಳು ಹುಡುಗಿ ತಟ್ಟೆ ಮುಂದೆ ಅಳ್ತಾ ಕೂತಿದ್ಲು. ಬಕೆಟ್ ಪಕ್ಕಕ್ಕಿಟ್ಟು ನಮ್ಮನೆ ಬೆಕ್ಕಿನ ಕಿತಾಪತಿ ಹೇಳ್ದೆ. ಕೇಳ್ತಾ ಕೇಳ್ತಾ ಉಂಡ್ಲು." ಅದನ್ನು ಕಂಡ ಡಾಕ್ಟರಮ್ಮ ಅವರಿಗೆ ತರಬೇತಿ ಕೊಡಿಸಿದರು. ದಪ್ಪ, ತೆಳ್ಳಗೆ ಅನ್ನುವ ಮಾತು ಮೇಜಿನ ಹತ್ತಿರ ಸುಳಿಯುವಂತಿಲ್ಲ. "ಅದಕ್ಕೇ ಬೆಕ್ಕಿನ ಕಥೆ ಮುಗಿಯೋದೇ ಇಲ್ಲ. ಪಾಪ, ಅದು ಸತ್ತು ಎಷ್ಟು ವರ್ಷ ಆಯ್ತೋ!"

ಹೋದ ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಸೇರಿದ್ದಳು. ಒಂದು ಬೆಳಿಗ್ಗೆ ತಿಂಡಿ ಮುಗಿದದ್ದೇ ಓಡಿಹೋಗಿ ಬಚ್ಚಲ ಚಿಲಕ ಹಾಕಿಕೊಂಡಳು. ಊಟದಕ್ಕ ನರ್ಸಿಗೆ ಹೇಳಿ ಕಳಿಸಿ ಬಾಗಿಲ ಹೊರಗೆ ನೆಲದ ಮೇಲೇ ಕೂತರು. "ಬೈಲಿಲ್ಲ. ಬೈದ್ರೆ ನಾಚಿಕೆಯಿಂದ ಮತ್ತೆ ಉಪವಾಸ ಬೀಳ್ತಾಳೆ. 'ಆಗಿದ್ದು ಆಯ್ತು ಕಣಮ್ಮ, ಮಧ್ಯಾಹ್ನದ ಊಟ ಮಾತ್ರ ತಪ್ಪಿಸ್ಬೇಡ' ಅಂದೆ. ಬಹಳ ಹೊತ್ತಾದ್ಮೇಲೆ ಬಾಗಿಲು ತೆಗೆದ್ಲು." ಮಧ್ಯಾಹ್ನ ಅತ್ತು ಕೆಂಪಾದ ಕಣ್ಣಲ್ಲೇ ಬಂದು ಕೂತಳು. ನಿಧಾನವಾಗಿ ಹುಷಾರಾಗಿ ಮನೆಗೆ ಹೋದಳು.

ಹುಷಾರಾದವರು ಯಾರೂ ಇತ್ತ ತಲೆ ಹಾಕುವುದಿಲ್ಲ. ಗಂಡ ತೀರಿಕೊಂಡ ಮೇಲೆ ಊಟದಕ್ಕನಿಗೆ ಮನೆಯಲ್ಲೂ ಜೊತೆಯಿಲ್ಲ. ಸಂಜೆ ಒಲೆಯ ಪಕ್ಕ ನಿಂತೇ ಉಣ್ಣುತ್ತಾರೆ. "ಕೂತ್ರೆ ಎದುರಿನ ಖಾಲಿ ಕುರ್ಚಿ ಕಾಣ್ಸುತ್ತೆ ನೋಡಿ."

ಮೊನ್ನೆ ರಜೆಯ ದಿನ ಹೋಟೆಲೊಂದರಲ್ಲಿ ಆ ಬ್ಯಾಂಕಿನ ಹುಡುಗಿ ಗೆಳತಿಯರ ಜೊತೆ ಕಂಡಳಂತೆ. "ನನ್ನ ನೋಡಿದ್ಲು, ಮುಖ ತಿರುಗಿಸಿದ್ಲು. ಪಾಪ, ನನ್ನ ಯಾರು ಅಂತ ಹೇಳ್ತಾಳೆ ಅವರಿಗೆ?"

ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಬೇಜಾರಾಯ್ತು, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಊಟ ಮುಗಿದ್ಮೇಲೂ ಅವಳು ಎದ್ದು ಓಡ್ಲಿಲ್ಲ. ನಗ್ತಾ, ಹರಟೆ ಹೊಡೀತಾ ಕೂತೇ ಇದ್ಲು. ನಾನೇ ಮೊದ್ಲು ಎದ್ದು ಬಂದೆ."